ವಾಪಸ್ ಬಂದ ಪೈಲಟ್‌ನನ್ನು ಬೈಯಬೇಡಿ

ಅಕ್ಕನ ಮಗ ಇಲ್ಲೇ ಕಲಬುರಗಿಯಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದಾನೆ. ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಫೋನ್ ಮಾಡಿದ. "ಮಾಮಾ, ಇವತ್ತೂ ಮಂಜು ಭಾಳ ಅದ. ಹಾರ್ಲಿಕ್ಕೆ ಬಿಡಲಿಲ್ಲ." ದನಿಯಲ್ಲಿ ಬೇಸರವಿತ್ತು. ನಾನು ಸೇಡಂ ರಸ್ತೆಯಲ್ಲಿ ಬೈಕ್ ನಿಲ್ಲಿಸಿಕೊಂಡಿದ್ದೆ. ಪಕ್ಕದ ತೊಗರಿ ಹೊಲದಲ್ಲಿ ನಾಲ್ಕನೇ ಸಾಲು ಕಾಣುತ್ತಿರಲಿಲ್ಲ. ನನಗೆ ಮಾತ್ರ ಜೀವಕ್ಕೆ ಸಮಾಧಾನವಾಯಿತು.

ಮಂಜಿನಲ್ಲಿ ಗುಡ್ಡ ಕಾಣದೆ ಗುದ್ದುತ್ತಾರೆ, ಅಷ್ಟೇ ಅಂದುಕೊಂಡಿದ್ದೆ. ಅಷ್ಟೇ ಅಲ್ಲ. ನಮ್ಮ ಕಿವಿಯೊಳಗೆ ದ್ರವ ತುಂಬಿದ ಸಣ್ಣ ಕೊಳವೆಗಳಿವೆ. ತಿರುಗಿದ್ದು ಗೊತ್ತಾಗುವುದು ಆ ದ್ರವದಿಂದ. ವಿಮಾನ ಒಂದೇ ಸಮ ತಿರುಗುತ್ತಿದ್ದರೆ ಸುಮಾರು 20 ಸೆಕೆಂಡಿನಲ್ಲಿ ದ್ರವವೂ ಅದರ ಜೊತೆಗೇ ತಿರುಗುತ್ತದೆ. ಆಗ ನೇರ ಹೋಗುತ್ತಿದ್ದೇವೆ ಅನಿಸುತ್ತದೆ. ನಿಜವಾಗಿ ನೇರ ಮಾಡಿದರೆ, ಅಯ್ಯೋ, ಇನ್ನೊಂದು ಕಡೆ ವಾಲಿತು ಅನಿಸುತ್ತದೆ. ಮತ್ತೆ ಮೊದಲಿನ ಕಡೆಗೇ ವಾಲಿಸುತ್ತಾರೆ. ವಿಮಾನ ಸುರುಳಿ ಸುತ್ತುತ್ತಾ ಇಳಿಯತೊಡಗುತ್ತದೆ. ಎತ್ತರ ಇಳಿಯುತ್ತಿದೆ ಅಂತ ವಿಮಾನದ ಮೂತಿ ಎತ್ತಿದರೆ ಸುರುಳಿ ಇನ್ನೂ ಬಿಗಿಯಾಗುತ್ತದೆ. ವಿಮಾನ ವಾಲಿದ್ದನ್ನು ತೋರಿಸುವ, ಎದುರಿಗಿರುವ ಉಪಕರಣ ನಿಜ ಹೇಳುತ್ತಿರುತ್ತದೆ. ಆದರೆ ಮೈಯೆಲ್ಲ ಸುಳ್ಳು ಅನ್ನುವಾಗ ಅದನ್ನು ನಂಬುವುದು ಸುಲಭ ಅಲ್ಲ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣ ನೋಡಿಯೇ ಹಾರಿಸುವ ಅಭ್ಯಾಸವಿಲ್ಲದ 20 ಜನರಿಗೆ ಹೊರಗೆ ಏನೂ ಕಾಣದಂತೆ ಮಾಡಿ ಹಾರಿಸಲು ಕೊಟ್ಟರು. 20 ಜನರಿಗೂ ಹಿಡಿತ ತಪ್ಪಿತು. ಸರಾಸರಿ 178 ಸೆಕೆಂಡಿನಲ್ಲಿ. ಒಂದು ಕಪ್ ಚಹಾ ಆರಲಿಕ್ಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಅನುಭವ ಇದ್ದರೂ ಇದು ಬಿಡುವುದಿಲ್ಲ. 2020ರ ಜನವರಿಯಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಇದ್ದ ಹೆಲಿಕಾಪ್ಟರ್ ಬಿದ್ದು 9 ಜನ ಸತ್ತರು. ಮೋಡದೊಳಗಿದ್ದ ಪೈಲಟ್ 4,000 ಅಡಿಗೆ ಏರುತ್ತಿದ್ದೇನೆ ಅಂತ ರೇಡಿಯೊದಲ್ಲಿ ಹೇಳುತ್ತಿದ್ದರು. ಹೆಲಿಕಾಪ್ಟರ್ ಆಗ ಕೆಳಗಿಳಿಯುತ್ತಿತ್ತು! ಯಾರೂ ಅವರನ್ನು ಒತ್ತಾಯಿಸಿರಲಿಲ್ಲ. ಗಿರಾಕಿಯನ್ನು ತಲುಪಿಸಲೇಬೇಕು ಅನ್ನುವ ಒತ್ತಡವನ್ನು ತಾವೇ ತಲೆ ಮೇಲೆ ಹೊತ್ತುಕೊಂಡಿದ್ದರು ಅಂತ ತನಿಖೆಯವರು ಬರೆದರು. ನಮ್ಮಲ್ಲೂ 2021ರಲ್ಲಿ ಕೂನೂರು ಹತ್ತಿರ ಜನರಲ್ ಬಿಪಿನ್ ರಾವತ್ ಇದ್ದ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕು, ಪೈಲಟ್‌ಗೆ ದಿಕ್ಕು ತಪ್ಪಿ ಬಿತ್ತು ಅಂತಲೇ ತನಿಖೆ ಹೇಳಿತು.

ನನ್ನನ್ನು ಕಾಡುವುದು ಆ ಒತ್ತಡ. ಅದು ಎಲ್ಲಿಂದ ಬರುತ್ತದೆ? ನಮ್ಮಿಂದಲೇ ಅಲ್ವಾ? ಮಂಜಿಗೆ ವಿಮಾನ ತಡವಾದರೆ, ಪೈಲಟ್ ಇಳಿಸದೆ ವಾಪಸ್ ಬಂದರೆ ಕೌಂಟರಿನವರ ಮೇಲೆ ಕೂಗಾಡುತ್ತೇವೆ. ಕಲಿಯುವ ಹುಡುಗರಿಗೆ ಲೈಸೆನ್ಸಿಗೆ ಬೇಕಾದ ಹಾರಾಟದ ಗಂಟೆ ಇನ್ನೂ ತುಂಬಲಿಲ್ವಾ ಅಂತ ಕೇಳುತ್ತೇವೆ. ಮನೆಯವರು ಸಾಲ ಮಾಡಿ ಫೀಸು ಕಟ್ಟಿದ್ದು ಅವರಿಗೂ ಗೊತ್ತಿರುತ್ತದೆ.

ಅಕ್ಕನ ಜೊತೆ ಕೂತು ಇದೆಲ್ಲ ಮಾತಾಡಿದೆ. ಸಂಜೆ ಅವನು ಫೋನ್ ಮಾಡಿದರೆ ಈಗ ಅವಳು ಹಾರಾಟ ಎಷ್ಟು ಗಂಟೆ ಆಯ್ತು ಅಂತ ಕೇಳುವುದಿಲ್ಲ. ಊಟ ಆಯ್ತೇನಪ್ಪಾ ಅಂತ ಮಾತ್ರ ಕೇಳುತ್ತಾಳೆ.