ಜಮೀನು ಕೊಡುವ ದಿನವೇ ಹುಡುಗರ ಲೆಕ್ಕವೂ ಆಗಲಿ

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿಗೆ ಬಂದಾಗ ಅಕ್ಕನ ಮಗ ಪುಣೆಗೆ ಹೊರಡಲು ಬ್ಯಾಗ್ ತುಂಬುತ್ತಿದ್ದ. ಐಟಿಐಯಲ್ಲಿ ಎರಡು ವರ್ಷ ಫಿಟ್ಟರ್ ಕಲಿತ ಹುಡುಗ. ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯವರು ಇಂಟರ್‌ವ್ಯೂಗೆ ಕರೆದಿದ್ದರಂತೆ. ಮೈಕ್ರೋಮೀಟರ್ ಕೊಟ್ಟು ವಾಲ್ವಿನ ಸ್ಪಿಂಡಲ್ ಅಳೆಯಲು ಹೇಳಿದರು. ಸರಿಯಾಗಿಯೇ ಅಳೆದ. ಆಮೇಲೆ ಸಿಎನ್‌ಸಿ ಲೇಥ್, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮಷೀನಿನ ಮುಂದೆ ನಿಲ್ಲಿಸಿದರು. “ಮಾಮಾ, ಅದನ್ನ ಅಷ್ಟ ಹತ್ರದಿಂದ ನೋಡಿದ್ದ ಅವತ್ತ” ಅಂದ.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಪಕ್ಕದ ಮನೆ ಹುಡುಗನಿಗೂ ಇವನದೇ ವಯಸ್ಸು. ವಾರದಲ್ಲಿ ಮೂರು ನಾಲ್ಕು ದಿನ ಕಾರ್ಖಾನೆ, ಒಂದೆರಡು ದಿನ ಶಾಲೆ. ಮೂರೂವರೆ ವರ್ಷ ಹೀಗೇ. ಮೊದಲ ತಿಂಗಳಿಂದಲೇ ಕೈಗೆ ದುಡ್ಡು. ಯಾವ ಕೆಲಸ ಮಾಡಿದೆ, ಏನು ಕಲಿತೆ ಅಂತ ಒಂದು ಪುಸ್ತಕದಲ್ಲಿ ಬರೆದಿಡಬೇಕು, ಕಲಿಸುವವರು ನೋಡಿ ಸಹಿ ಹಾಕಬೇಕು. ಕೊನೆಯ ಪರೀಕ್ಷೆ ನಡೆಸುವುದು ಅಲ್ಲಿನ ವಾಣಿಜ್ಯೋದ್ಯಮ ಸಂಸ್ಥೆ. ಅಂದರೆ ಕೆಲಸ ಕೊಡುವವರೂ ಪರೀಕ್ಷೆಯಲ್ಲಿ ಕೂತಿರುತ್ತಾರೆ.

ಅಲ್ಲಿಯದೆಲ್ಲ ಚೆಂದ ಅಂತಲ್ಲ. ನಾಲ್ಕನೇ ಕ್ಲಾಸು ಮುಗಿಯುತ್ತಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗೆ ಕಳಿಸುತ್ತಾರೆ. ಹತ್ತು ವರ್ಷಕ್ಕೇ ದಾರಿ ಗೊತ್ತುಮಾಡುವುದು ನನಗೆ ಒಪ್ಪಿಗೆಯಿಲ್ಲ.

ಕೆಲಸದಲ್ಲೇ ಕೆಲಸ ಕಲಿಯೋದು ನಮಗೂ ಹೊಸದಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಸೇರುವವರು ಇವತ್ತಿಗೂ ಇದ್ದಾರೆ. ನಮ್ಮ ಅಪ್ರೆಂಟಿಸ್ ಕಾಯ್ದೆ 1961ರದ್ದು, ಜರ್ಮನಿಯ ಕಾಯ್ದೆ ಬಂದದ್ದು 1969ರಲ್ಲಿ. ನಮ್ಮಲ್ಲಿ 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸಕ್ಕಿರುವ ಕಡೆ ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. ಆದರೆ ಹತ್ತು ಹನ್ನೆರಡು ಜನರ ಸಣ್ಣ ಶೆಡ್ಡಿನವರು ಏನು ಮಾಡಬೇಕು? ಆರ್ಡರ್ ಮುಗಿಸೋ ಗಡಿಬಿಡಿಯಲ್ಲಿ ಇರೋ ಒಂದೇ ಮಷೀನನ್ನು ಕಲಿಯುವವನ ಕೈಗೆ ಕೊಡೋಕಾಗಲ್ಲ, ಅಲ್ವಾ? ಜರ್ಮನಿಯಲ್ಲಿ ಅಂಥವರಿಗಾಗಿ ಎಲ್ಲರಿಗೂ ಸೇರಿದ ತರಬೇತಿ ಕೇಂದ್ರಗಳಿವೆ. ತಾರಿಹಾಳದಲ್ಲೋ ಗೋಕುಲ ರಸ್ತೆಯಲ್ಲೋ ಸಣ್ಣ ಉದ್ಯಮದವರೆಲ್ಲ ಸೇರಿ ಅಂಥದ್ದೊಂದು ಶೆಡ್ ಹಾಕಬಹುದು. ಐಟಿಐ ಹುಡುಗರು ವಾರಕ್ಕೆ ಎರಡು ದಿನ ಅಲ್ಲಿ ನಿಂತು ಕಲಿಯಲಿ.

ಇನ್ನೊಂದು ಮಾತು. ಫಿಟ್ಟರ್ ಆಗೋಕೆ ಎರಡು ವರ್ಷ ಬೇಕು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಗೆ ಅಂತ ಯಾರಿಗಾದರೂ ಜಮೀನು ಕೊಡುವ ದಿನವೇ ಕೇಳಬೇಕು: ಯಾವ ಮಷೀನು ತರ್ತೀರಿ, ಎಷ್ಟು ಹುಡುಗ ಹುಡುಗಿಯರು ಬೇಕು? ಆ ಲೆಕ್ಕ ಅದೇ ವಾರ ಐಟಿಐಗೆ ಹೋಗಬೇಕು. ಕಟ್ಟಡ ಏಳುವಷ್ಟರಲ್ಲಿ ಮಕ್ಕಳೂ ತಯಾರಾಗಿರುತ್ತಾರೆ. ಕಾರ್ಖಾನೆ ಶುರುವಾದ ಮೇಲೆ ಸುಮ್ನೆ ಉದ್ಯೋಗ ಮೇಳ ಮಾಡಿದರೆ ಅರ್ಜಿ ಬರುತ್ತವೆ, ಕೈ ಪಳಗಿದವರು ಬರೋದಿಲ್ಲ.

ಮೊನ್ನೆ ಹುಡುಗ ಫೋನ್ ಮಾಡಿದ್ದ. ಪುಣೆಯಲ್ಲಿ ಮೂರು ತಿಂಗಳಿಗೇ ಸಿಎನ್‌ಸಿ ನಡೆಸೋದು ಕಲಿತಿದ್ದಾನೆ. ಆ ಮೂರು ತಿಂಗಳು ತಾರಿಹಾಳದಲ್ಲೇ ಸಿಕ್ಕಿದ್ದರೆ ರಾತ್ರಿ ಊಟಕ್ಕೆ ಅಕ್ಕನ ಮನೆಯಲ್ಲೇ ಇರುತ್ತಿದ್ದ.