ಓಣಿಗೆ ಇಬ್ಬರು ಅಂಗಡೆವ್ವಂದಿರು

ಕೊಪ್ಪಳದ ನಮ್ಮ ಓಣಿಗೆ ನಳ ಬರೋದು ಎಂಟು ದಿನಕ್ಕೊಮ್ಮೆ. ಇಂಥ ಹೊತ್ತು ಅಂತಿಲ್ಲ, ನಡುರಾತ್ರಿ ಎರಡಕ್ಕೆ ಬಂದರೂ ಬಂತು. ತುಂಗಭದ್ರಾ ಡ್ಯಾಮ್ ಇಲ್ಲೇ ಮುನಿರಾಬಾದಿನ ಹತ್ತಿರ ಇದೆ ನಿಜ. ಡ್ಯಾಮ್ ಹತ್ತಿರ ಇರೋದೇ ಬೇರೆ, ಕೊಡ ತುಂಬೋದೇ ಬೇರೆ.

ಹಿಂದಿನ ಓಣಿ ತಗ್ಗಿನಲ್ಲಿದೆ, ನೀರು ಮೊದಲು ಅಲ್ಲಿಗೇ. ಅಲ್ಲಿ ಯಾರದೋ ಪೈಪು ಗೊರಗೊರ ಅಂದರೆ ಅವರು ಕಾಂಪೌಂಡ್ ಮೇಲಿಂದ ಮಾಸ್ತರ ಮನೆಗೆ ಕೂಗುತ್ತಾರೆ, ಮಾಸ್ತರ ಮನೆಯವರು ನಮಗೆ. ಬರೀ ‘ನಳ ಬಂದಾವ’ ಅಂದರೆ ಯಾರೂ ಹಾಸಿಗೆ ಬಿಟ್ಟು ಏಳೋದಿಲ್ಲ. ಯಾರು ಹೇಳಿದರು, ಅವರಿಗೆ ಯಾರು ಹೇಳಿದರು ಅನ್ನೋದೂ ಜೊತೆಗೇ ಬರಬೇಕು.

ಈ ಶಿಸ್ತು ಸುಮ್ಮನೆ ಬಂದಿದ್ದಲ್ಲ. ಹೋದ ಬ್ಯಾಸಗಿಯಲ್ಲಿ ಅವ್ವ ಕಿಟಕಿಯಿಂದ “ನಳ ಬಂದಾವೇನ?” ಅಂತ ಕೇಳಿದ್ದಳು. ಮೂರನೇ ಮನೆ ಮುಟ್ಟುವಷ್ಟರಲ್ಲಿ ‘ಏನ’ ಉದುರಿ ‘ನಳ ಬಂದಾವ’ ಆಗಿತ್ತು. ಓಣಿ ಸುತ್ತಿ ಅದೇ ಮಾತು ವಾಪಸ್ ನಮ್ಮ ಮನೆಗೆ ಬಂತು. ಅವ್ವ ಡ್ರಮ್ಮು, ಕೊಡ, ಪಾತೇಲಿ ಎಲ್ಲ ಅಂಗಳಕ್ಕೆ ಎಳೆದು ಬೆಳಗಿನತನಕ ಒಣ ನಳದ ಮುಂದೆ ಕೂತಳು. ಅವತ್ತೇ ಕಾನೂನು ಆಯಿತು: ಸುದ್ದಿಯ ಸರಪಳಿಯಲ್ಲಿ ತನ್ನ ಹೆಸರು ಕೇಳಿಸಿದರೆ ಅದು ತನ್ನದೇ ಮಾತು, ನಂಬಬಾರದು.

ನನ್ನ ಹೊಟ್ಟೆಪಾಡೂ ಇಂಥದ್ದೇ. ಮನೆಯಲ್ಲೇ ಕೂತು ಬೆಂಗಳೂರಿನ ಒಂದು ಡೇಟಾ ಸೆಂಟರಿನ ಸ್ವಿಚ್ಚುಗಳನ್ನು ನೋಡಿಕೊಳ್ಳುತ್ತೇನೆ. ದೀಪದ ಸ್ವಿಚ್ಚಲ್ಲ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಡೇಟಾ ದಾಟಿಸುವ ಪೆಟ್ಟಿಗೆಗಳು. ಕಂಪ್ಯೂಟರು ಪೇರಿಸಿಟ್ಟ ಪ್ರತಿ ರ‍್ಯಾಕಿಗೆ ಒಂದು ‘ಲೀಫ್’ ಸ್ವಿಚ್ಚು, ಅವುಗಳ ಮೇಲೆ ‘ಸ್ಪೈನ್’ ಸ್ವಿಚ್ಚುಗಳು. ಎಲ್ಲ ಲೀಫಿಗೂ ಎಲ್ಲ ಸ್ಪೈನಿನ ಜೊತೆ ನೆಂಟಸ್ತನ, ಲೀಫ್ ಲೀಫಿಗೆ ನೇರ ಮಾತಿಲ್ಲ, ಥೇಟ್ ವಾರಗಿತ್ತಿಯರ ಹಾಗೆ. ಯಾವ ವಿಳಾಸ ಯಾರ ಬೆನ್ನಿಗಿದೆ ಅನ್ನೋದನ್ನು ಒಬ್ಬರಿಗೊಬ್ಬರು ಬಿಜಿಪಿ ಅನ್ನೋ ಭಾಷೆಯಲ್ಲಿ ಹೇಳಿಕೊಳ್ಳುತ್ತವೆ. 1989ರಲ್ಲಿ ಸಿಸ್ಕೊದವರೊಬ್ಬರು, ಐಬಿಎಂನವರೊಬ್ಬರು ಊಟಕ್ಕೆ ಕೂತಾಗ ಕೈ ಒರೆಸುವ ಕಾಗದದ ಮೇಲೆ ಗೀಚಿದ್ದು ಅದು. ನಮ್ಮೂರಲ್ಲಿ ಸೂಸಲಾ ಮಿರ್ಚಿ ತಿನ್ನುತ್ತ ಗೀಚಿದ್ದರೆ ಎಣ್ಣೆ ಇಳಿದು ಒಂದಕ್ಷರವೂ ಉಳಿಯುತ್ತಿರಲಿಲ್ಲ, ಇಂಟರ್ನೆಟ್ಟಿನ ಗತಿ ಶಿವನೇ ಬಲ್ಲ. ಇಂಟರ್ನೆಟ್ಟಿಗೆ ಅಂತ ಹುಟ್ಟಿದ್ದನ್ನು ದೊಡ್ಡ ದೊಡ್ಡ ಡೇಟಾ ಸೆಂಟರಿನವರು ಒಳಮನೆಗೂ ತಂದುಕೊಂಡರು. ಹೇಗೆ ಬಳಸಬೇಕು ಅನ್ನೋ ಬರಹವೂ 2016ರಲ್ಲಿ ಬಂತು, ಆರ್‌ಎಫ್‌ಸಿ 7938 ಅಂತ.

ಅದರಲ್ಲಿ ಪ್ರತಿ ಲೀಫಿಗೂ ಒಂದು ನಂಬರು, ಅದೇ ಅದರ ಹೆಸರು. ಸುದ್ದಿ ದಾಟಿಸುವಾಗ ಪ್ರತಿಯೊಬ್ಬರೂ ತಮ್ಮ ನಂಬರು ಅಂಟಿಸಿ ಮುಂದೆ ಕಳಿಸಬೇಕು. ಬಂದ ಸುದ್ದಿಯಲ್ಲಿ ತನ್ನದೇ ನಂಬರು ಕಂಡರೆ, ಸುತ್ತಿ ಬಂದ ನನ್ನ ಮಾತೇ ಇದು ಅಂತ ಸ್ವಿಚ್ಚು ಅದನ್ನು ಎಸೆದುಬಿಡುತ್ತದೆ. ಇಂಥ ಒಳಮನೆಯ ಬಳಕೆಗೆ ಅಂತ 64512ರಿಂದ 65534ರವರೆಗೆ 1023 ನಂಬರು ಬಿಟ್ಟುಕೊಟ್ಟಿದ್ದಾರೆ.

ಅಷ್ಟಿದ್ದೂ ನಾನು ಒಂದೇ ನಂಬರನ್ನು ಇಬ್ಬರಿಗೆ ಇಟ್ಟೆ. ಹನ್ನೊಂದನೇ ರ‍್ಯಾಕಿನ 65111ನ್ನು ಕಾಪಿ ಮಾಡಿ ಹನ್ನೆರಡಕ್ಕೆ ಅಂಟಿಸಿದವನು ಕೊನೆಯ ಒಂದನ್ನು ಎರಡು ಮಾಡೋದು ಮರೆತೆ. ಯಾವ ಲೀಫಿನ ನಂಬರು ಎಷ್ಟು ಅಂತ ಸ್ಪೈನಿಗೂ ಹೇಳಿಡಬೇಕು; ಅದನ್ನೂ ಅದೇ ಹಾಳೆಯಿಂದ ಅಂಟಿಸಿದ್ದರಿಂದ ಯಾವ ಸ್ವಿಚ್ಚೂ ತಕರಾರು ತೆಗೆಯಲಿಲ್ಲ. ರಾತ್ರಿ ಒಂದೂವರೆಗೆ ಬೆಂಗಳೂರಿನ ಗೆಳೆಯ ಫೋನಿನಲ್ಲಿ, “ಗುರು, ಸೆಷನ್ ಎಲ್ಲ ಹಸಿರು ತೋರಿಸ್ತಿದೆ. ಆದ್ರೆ ಹನ್ನೊಂದಕ್ಕೂ ಹನ್ನೆರಡಕ್ಕೂ ಪಿಂಗ್ ಇಲ್ಲ,” ಅಂದ. ಸೆಷನ್ ಅಂದರೆ ಲೀಫ್-ಸ್ಪೈನಿನ ನಡುವಿನ ಮಾತುಕತೆ, ಪಿಂಗ್ ಅಂದರೆ ‘ಇದ್ದೀಯೇನ’ ಅಂತ ಕೂಗಿ ನೋಡೋದು. ಈ ಲೀಫುಗಳು ಇಬ್ಬರೂ ಉಳಿದ ಎಲ್ಲರ ಜೊತೆ ಚೆನ್ನಾಗಿದ್ದಾರೆ, ಇವರಿವರಲ್ಲಿ ಮಾತ್ರ ಮಾತಿಲ್ಲ. ಕೇಬಲ್ ಬದಲಿಸಿದ್ದಾಯಿತು, ಸ್ವಿಚ್ಚಿಗೂ ಒಮ್ಮೆ ನಿದ್ದೆ ಮಾಡಿಸಿ ಎಬ್ಬಿಸಿದ್ದಾಯಿತು. ತಪ್ಪು ಯಾರದೋ ಇರಬೇಕು ಅಂತ ಇಬ್ಬರೂ ಮನಸ್ಸಿನಲ್ಲೇ ಬೇರೆ ಬೇರೆಯವರನ್ನು ಬೈದುಕೊಂಡೆವು.

ಎರಡು ಹತ್ತಕ್ಕೆ ಕಿಟಕಿಯಾಚೆ ಮಾಸ್ತರ ಮನೆಯ ಅಕ್ಕನ ದನಿ.

“ಯಕ್ಕಾ, ಏಳ್ರಿ, ನಳ ಬಂದಾವಂತ!”

“ಯಾರ್ ಹೇಳಿದ್ರು?” ಅವ್ವ ಕೇಳಿದಳು.

“ಅಂಗಡೆವ್ವ ಹೇಳ್ಯಾಳ್ರಿ.”

“ನಾ ಯಾವಾಗ ಹೇಳೀನಿ? ನೋಡು, ಮತ್ತ ನನ್ ಮಾತು ನನಗ ತಿರುಗಿ ಬಂತು. ಹೋಗು, ಮಲಕ್ಕೋ ಹೋಗು.”

ವಿಷಯ ಏನಂದರೆ, ನಮ್ಮ ಪಡಸಾಲೆಯಲ್ಲಿ ಒಂದು ಕಾಲಕ್ಕೆ ಕಿರಾಣಿ ಅಂಗಡಿ ಇತ್ತು. ಮುಚ್ಚಿ ಹತ್ತು ವರ್ಷವಾದರೂ ಅವ್ವ ಓಣಿಗೆಲ್ಲ ಅಂಗಡೆವ್ವನೇ. ಈಗ ಆರು ತಿಂಗಳ ಹಿಂದೆ ಹಿಂದಿನ ಓಣಿಯಲ್ಲಿ ಇನ್ನೊಬ್ಬಾಕೆ ಅಂಗಡಿ ಇಟ್ಟಿದ್ದಾಳೆ. ಆಕೆಯೂ ಅಂಗಡೆವ್ವ.

ಕೀಬೋರ್ಡಿನ ಮೇಲೆ ನನ್ನ ಕೈ ನಿಂತಿತು. ಒಂದೇ ಹೆಸರಿನ ಇಬ್ಬರು! ಥಟ್ಟನೆ ಹನ್ನೆರಡನೇ ಲೀಫಿನ ನಂಬರು ತೆಗೆದು ನೋಡಿದೆ: 65111. ಹನ್ನೊಂದರದು? 65111. ಸ್ಪೈನ್ ಪಾಪ ಸುದ್ದಿ ದಾಟಿಸುತ್ತಲೇ ಇತ್ತು, ಇವರಿಬ್ಬರೂ ‘ನಾ ಯಾವಾಗ ಹೇಳೀನಿ’ ಅಂತ ಎಸೆಯುತ್ತ ಕೂತಿದ್ದರು. ಹನ್ನೆರಡನೇ ಲೀಫಿಗೆ 65112 ಅಂತ ಲೀಫಿನಲ್ಲೂ ಸ್ಪೈನಿನಲ್ಲೂ ಬರೆದೆ. ಸೆಷನ್ ಒಮ್ಮೆ ಬಿದ್ದು ಎದ್ದಿತು, ಪಿಂಗ್ ಹೋಯಿತು. ಗೆಳೆಯ “ಅದ್ಹೇಗ್ ಹೊಳೀತು ಗುರು ನಿಂಗೆ?” ಅಂದ. ಅನುಭವ ಅಂದೆ. ವರದಿ ಬರೆದೆ. ಟಿಕೆಟ್ ಮುಚ್ಚಿದೆ. ತಪ್ಪು ನನ್ನದೇ ಅನ್ನೋದನ್ನು ವರದಿಯ ಕೊನೆಯ ಸಾಲಿನಲ್ಲಿ, ಆದಷ್ಟು ಕರ್ಮಣಿ ಪ್ರಯೋಗದಲ್ಲಿ ಬರೆದೆ.

ನಾಲ್ಕಕ್ಕೆ ಎದ್ದು ಮೈ ಮುರಿದಾಗಲೇ ಹೊಳೆದದ್ದು, ಸ್ವಿಚ್ಚಿಗೆ ಹೇಳಿದ್ದನ್ನು ಅವ್ವಗೆ ಹೇಳಿಲ್ಲ ಅಂತ. ಅಂಗಳಕ್ಕೆ ಓಡಿ ನಳ ತಿರುಗಿಸಿದೆ. ‘ಸುಸ್’ ಅಂತ ಗಾಳಿ ಬಂತು, ಹಿಂದೆ ನಾಲ್ಕು ಹನಿ. ಇನ್ನು ಎಂಟು ದಿನ.

ಬೆಳಿಗ್ಗೆ ಎರಡು ಖಾಲಿ ಕೊಡ ಹಿಡಿದು ಹಿಂದಿನ ಓಣಿಯ ಅಂಗಡೆವ್ವನ ಮುಂದೆ ನಿಂತೆ. ಆಕೆ ಬಾಯಿತುಂಬ ನಕ್ಕು, ಕೊಡ ತುಂಬಿಸಿ ಕೊಡುತ್ತ, “ತಮ್ಮಾ, ನಿಮ್ಮ ಅಂಗಡಿ ಮುಚ್ಚಿ ಹತ್ತ್ ವರ್ಷ ಆತಲ್ಲ, ಆ ಹೆಸರಾದ್ರೂ ನನಗ ಬಿಟ್ಟುಕೊಡು ಅನ್ನು ನಿಮ್ಮವ್ವಗ,” ಅಂದಳು.

ಮನೆಗೆ ಬಂದು ಹಾಗೇ ಹೇಳಿದೆ. ಅವ್ವ ಕೊಡದ ನೀರು ಸೋಸುತ್ತ ತಲೆ ಎತ್ತಲಿಲ್ಲ.

“ಆಕಿ ಮೊನ್ನೆ ಬಂದಾಕಿ. ಬೇಕಾದ್ರ ಆಕಿನ ಬದಲಿ ಮಾಡ್ಕೊಳ್ಳಲಿ.”