ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತಾ?

ಮಂಡ್ಯ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಈ ಮೆಸೇಜು ಆಗಾಗ ಓಡಾಡುತ್ತದೆ. ಮೀನು ಸಾರು ಉಂಡವರ ಕೈಯಿಂದ ಮಜ್ಜಿಗೆ ಲೋಟ ಕಿತ್ತುಕೊಳ್ಳುವಷ್ಟು ಭಯ. ಆದರೆ ಇದು ನಿಜವಲ್ಲ.

ಚರ್ಮದ ಮೇಲ್ಪದರದ ತಳದಲ್ಲಿ ಮೆಲನೊಸೈಟ್ ಎಂಬ ಜೀವಕೋಶಗಳಿವೆ. ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಅಲ್ಲೇ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಅವನ್ನು ನಾಶ ಮಾಡಿದಾಗ ಅಷ್ಟು ಜಾಗ ಬೆಳ್ಳಗಾಗುತ್ತದೆ. ಕೆಲವೊಮ್ಮೆ ಅಲ್ಲಿನ ಕೂದಲೂ ಬೆಳ್ಳಗಾಗುತ್ತದೆ. ತೊನ್ನು ಮುಟ್ಟಿದರೆ ಅಂಟುವುದೂ ಇಲ್ಲ.

ನೀವೇ ಯೋಚಿಸಿ ನೋಡಿ. ಮೀನು ಮುಟ್ಟದ ಮನೆಗಳಲ್ಲೂ ತೊನ್ನು ಇದೆ, ಅಲ್ವಾ? ಬಂಗಾಳದವರು ಮೊಸರಲ್ಲೇ ಮೀನು ಬೇಯಿಸುತ್ತಾರೆ. ಯಾರು, ಯಾವಾಗ ಕಂಡುಕೊಂಡರು ಅಂತ ಮೆಸೇಜಿನಲ್ಲಿ ಇದೆಯಾ? ಕಳಿಸಿದವರದ್ದು ಕಾಳಜಿಯೇ, ಬೈಯಬೇಡಿ. ಬಿಳಿ ಮಚ್ಚೆ ಕಂಡರೆ ಸುಮ್ನೆ ಪಥ್ಯ ಮಾಡುತ್ತಾ ಕೂರದೆ ಚರ್ಮದ ಡಾಕ್ಟರಿಗೆ ತೋರಿಸಿ. ಮುಲಾಮು, ಬೆಳಕಿನ ಚಿಕಿತ್ಸೆ ಎರಡೂ ಇವೆ.